ಕ್ರೀಟ್ ಮುಷ್ಕರಗಾರರನ್ನು ಸುಳ್ಳು ವಿಳಾಸಗಳಿಂದಲೇ ಹುಡುಕಿದೆ

ನೂರು ವರ್ಷದ ಹಿಂದೆ ಅಮೆರಿಕಕ್ಕೆ ಬಂದ ವಲಸಿಗರ ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ 'ಅಮೆರಿಕದಲ್ಲಿ ಯಾರ ಹತ್ತಿರ ಹೋಗುತ್ತೀರಿ' ಅನ್ನುವ ಕಾಲಂ ಇದೆಯಲ್ಲ, ಅದನ್ನು ಮುಟ್ಟಲೇಬೇಡ ಅಂತ ಇಲ್ಲಿನ ಗೆಳೆಯರೆಲ್ಲ ಹೇಳಿದ್ದರು. ಅದರಲ್ಲಿ ಇರುವುದು ಬಹುಪಾಲು ಸುಳ್ಳು, ನಿಜ. ಕೆಲಸ ಮೊದಲೇ ಗೊತ್ತುಮಾಡಿಕೊಂಡು ಬರುವುದಕ್ಕೆ 1885ರ ಕಾನೂನಿನಲ್ಲಿ ತಡೆ ಇತ್ತು. ಹಾಗಾಗಿ ಏಜೆಂಟ್ ಹೇಳಿಕೊಟ್ಟ ಹಾಗೆ 'ಕಸಿನ್ ಮನೆಗೆ' ಅಂತ ಬರೆಸುತ್ತಿದ್ದರು. ನನಗೆ ಬೇಕಾಗಿದ್ದೂ ಆ ಸುಳ್ಳೇ.

ನಾನು ಡೆನ್ವರ್‌ನಲ್ಲಿ ಐಟಿ ಕೆಲಸದವನು, ಇದು ವಾರಾಂತ್ಯದ ಹುಚ್ಚು. 1912ರಲ್ಲಿ ಯೂಟಾದ ಬಿಂಗಮ್ ತಾಮ್ರದ ಗಣಿ ಮುಷ್ಕರ, 1913-14ರಲ್ಲಿ ಕೊಲೊರಾಡೊ ಕಲ್ಲಿದ್ದಲು ಮುಷ್ಕರ. ಎರಡರಲ್ಲೂ ಕ್ರೀಟ್ ಅನ್ನುವ ಗ್ರೀಕರ ದ್ವೀಪದಿಂದ ಬಂದವರು ಎದ್ದು ಕಾಣುತ್ತಾರೆ. ಯೂನಿಯನ್ ಭಾಷಣ ಕೇಳಿ ಕೆಂಪಾದರಾ, ಅಂದರೆ ಎಡಪಂಥೀಯರಾದರಾ, ಇಲ್ಲ ಊರವರ ಹಿಂದೆ ಹೋದರಾ?

ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಕೊಲೊರಾಡೊ ಮುಷ್ಕರಗಾರರು ಡೇರೆ ಹಾಕಿದ್ದ ಲಡ್ಲೋದ ಮುಂದಾಳು ಲೂಯಿಸ್ ಟೀಕಾಸ್ ಹುಟ್ಟಿದಾಗ ಇಲಿಯಾಸ್ ಸ್ಪಂಡಿಡಾಕಿಸ್. ಇಂಥ ಉದ್ದ ಹೆಸರುಗಳನ್ನು ಇಲ್ಲಿ ಕತ್ತರಿಸಿ ಹಾಕಿದ್ದಾರೆ. ನಮ್ಮಲ್ಲಿ ಇನಿಷಿಯಲ್‌ನಲ್ಲಾದರೂ ಊರು ಉಳಿದಿರುತ್ತದೆ, ಇವರಿಗೆ ಅದೂ ಇಲ್ಲ. 1910ರ ಜನಗಣತಿ ಇನ್ನೂ ತಲೆನೋವು. ಆಗ ಕ್ರೀಟ್ ಹೆಸರಿಗೆ ಟರ್ಕಿ ಸುಲ್ತಾನನ ಕೈಕೆಳಗಿನ ಸ್ವಾಯತ್ತ ನಾಡು. ಗುಮಾಸ್ತರು ಒಬ್ಬನಿಗೆ ಟರ್ಕಿ ಅಂತ ಬರೆದರೆ ಪಕ್ಕದವನಿಗೆ ಗ್ರೀಸ್ ಅಂತ ಬರೆದಿದ್ದಾರೆ.

ದುಡ್ಡು ಹೋಗಿದ್ದು ಚರ್ಚ್ ರಿಜಿಸ್ಟರ್‌ನಲ್ಲಿ. ಕೈಬರಹದ ಗ್ರೀಕ್ ಓದಿಕೊಡಲು ಒಬ್ಬರಿಗೆ ಪುಟಕ್ಕೆ 25 ಡಾಲರ್ ಹತ್ತಿರ ಕೊಟ್ಟೆ. ಯಾರಿಗೆ ಯಾರ ನಂಟು ಅಂತ ತಿಳಿಯಲು, ದೀಕ್ಷಾಸ್ನಾನಕ್ಕೆ ಯಾರು ಧರ್ಮಪಿತನಾಗಿ ನಿಂತರು ಅನ್ನುವ ಕಾಲಂ ಒಂದನ್ನೇ ನಾನು ಕೇಳಿದ್ದು. ಆ ಪುಣ್ಯಾತ್ಮ ಅದನ್ನೇ ಬಿಟ್ಟು ಉಳಿದಿದ್ದೆಲ್ಲ ಬರೆದುಕೊಟ್ಟ. ಸುಮಾರು 600 ಡಾಲರ್ ನೀರುಪಾಲು.

ಆಮೇಲೆ ಹೆಸರಿನ ಕಾಲಂ ಅನ್ನೇ ಮುಚ್ಚಿ, ಪಟ್ಟಿಯನ್ನು ವಿಳಾಸದ ಪ್ರಕಾರ ಸಾರ್ಟ್ ಮಾಡಿದೆ. ಒಂದೇ ವಿಳಾಸಕ್ಕೆ ಅರವತ್ತು ಎಪ್ಪತ್ತು 'ಕಸಿನ್'ಗಳು! ಅಷ್ಟು ಜನ ಯಾವ ಮನೆಯಲ್ಲಿ ಹಿಡಿಸುತ್ತಾರೆ? ಆಗಿನ ಸಿಟಿ ಡೈರೆಕ್ಟರಿ ತೆಗೆದರೆ ಅದು ಕಾಫಿ ಅಂಗಡಿ. ಟೀಕಾಸ್ ಕೂಡ ಡೆನ್ವರ್‌ನ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಕಾಫಿ ಅಂಗಡಿ ಇಟ್ಟವನೇ ಅಲ್ವಾ. ಕೆಲಸ, ಸಾಲ, ಊರಿನ ಕಾಗದ, ಜಗಳ ಎಲ್ಲಕ್ಕೂ ಅದೇ ಜಾಗ. ಹುಟ್ಟೂರಿಗೆ 1917ರ ಜೂನ್‌ನ ಸೈನ್ಯ ನೋಂದಣಿ ಕಾರ್ಡ್ ಸಾಕು. 1918ರ ಸೆಪ್ಟೆಂಬರ್ ಕಾರ್ಡ್‌ನಲ್ಲಿ ಹುಟ್ಟೂರಿನ ಪ್ರಶ್ನೆಯೇ ಇಲ್ಲ, ಸುಮ್ನೆ ಹೊತ್ತು ಕಳೆಯಬೇಡಿ. ಕೊನೆಗೆ ಹಳೆಯ ಪತ್ರಿಕೆಗಳಲ್ಲಿ ಬಂಧಿತರ ಹೆಸರು. ಕತ್ತರಿಸಿದ ಹೆಸರನ್ನು ಪೂರ್ತಿ ಹೆಸರಿಗೆ ಜೋಡಿಸಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಜೋಡಣೆ ಆದವರಲ್ಲಿ ಮುಕ್ಕಾಲು ಪಾಲು ಕ್ರೀಟ್‌ನ ರೆಥಿಮ್ನೊ ಕಡೆಯ ನಾಲ್ಕೈದು ಹಳ್ಳಿಯವರು, ಎರಡೇ ಅಂಗಡಿಗೆ ಸೇರಿದವರು. ಅಂಗಡಿ ಯಾವ ಕಡೆಗೋ ಇವರೂ ಆ ಕಡೆಗೆ.

ಊರಿನ ನಂಟು ಅಂದಮಾತ್ರಕ್ಕೆ ಗ್ರೀಕರೆಲ್ಲ ಒಂದು ಅಂತಲ್ಲ. ಬಿಂಗಮ್‌ನಲ್ಲಿ ಇವರ ಸಿಟ್ಟೆಲ್ಲ ಲಿಯೊನಿದಾಸ್ ಸ್ಕ್ಲಿರಿಸ್ ಮೇಲೆ. ಅವನೂ ಗ್ರೀಕ್, ಆದರೆ ಕೆಲಸ ಕೊಡಿಸಲು ದುಡ್ಡು ಕೀಳುತ್ತಿದ್ದ ದಲ್ಲಾಳಿ. ಅವನನ್ನು ತೆಗೆಯಿರಿ ಅಂತ ಬಂದೂಕು ಹಿಡಿದು ಗುಡ್ಡದ ಮೇಲೆ ಕೂತರು. ಅವನು ಜಾಗ ಬಿಡಬೇಕಾಯಿತು. ಅಷ್ಟರಲ್ಲಿ, 1912ರ ಅಕ್ಟೋಬರ್‌ನಲ್ಲಿ, ಟರ್ಕಿಯ ವಿರುದ್ಧ ಬಾಲ್ಕನ್ ಯುದ್ಧ ಶುರುವಾಯಿತು. ಮುಷ್ಕರದಲ್ಲಿದ್ದವರಲ್ಲೇ ಹಲವರು ಗ್ರೀಸ್ ಪರ ಹೋರಾಡಲು ಹಡಗು ಹತ್ತಿದರು. 1913ರ ಡಿಸೆಂಬರ್‌ನಲ್ಲಿ ಕ್ರೀಟ್ ಗ್ರೀಸ್‌ಗೆ ಸೇರಿತು. ಇವರನ್ನು ಕೆಂಪು ಅನ್ನಬೇಕಾ, ದೇಶಭಕ್ತರು ಅನ್ನಬೇಕಾ? ಎರಡು ಖಾನೆ ಮಾಡಿದ ನಮ್ಮ ವಿದ್ವಾಂಸರೇ ಹೇಳಬೇಕು.

ಈ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಪಟ್ಟಿಯಲ್ಲಿ 'ಮೊದಲು ಅಮೆರಿಕಕ್ಕೆ ಬಂದಿದ್ದಿರಾ' ಅಂತಲೂ ಕೇಳುತ್ತಾರೆ. 1913ರ ಪುಟಗಳಲ್ಲಿ 'ಹೌದು' ಅಂದವರನ್ನು ಮಾತ್ರ ಸೋಸಿದೆ. ಯುದ್ಧ ಮುಗಿಸಿ ಬಂದವರು ಅನ್ನಬಹುದಾದ ಇಪ್ಪತ್ತು ಚಿಲ್ಲರೆ ಹೆಸರು ಬಂದವು. ಅದರಲ್ಲಿ ಮೂರೋ ನಾಲ್ಕೋ ಕೊಲೊರಾಡೊ ಪತ್ರಿಕೆಗಳಲ್ಲೂ ಇವೆ. 1914ರ ಏಪ್ರಿಲ್ 20ರಂದು, ಗ್ರೀಕ್ ಈಸ್ಟರ್‌ನ ಮಾರನೆಯ ದಿನ, ಲಡ್ಲೋದ ಡೇರೆಗಳ ಮೇಲೆ ಗುಂಡು ಹಾರಿಸಿದ ರಾಜ್ಯದ ಮಿಲಿಷಿಯಾಕ್ಕೆ (ಸಶಸ್ತ್ರ ಪಡೆಗೆ) ಎದುರಾದವರಲ್ಲಿ ಯುದ್ಧ ಕಂಡವರೂ ಇದ್ದರು. ಟೀಕಾಸ್ ಸತ್ತದ್ದು ಅವತ್ತೇ. ನನ್ನ ಮೂರು ನಾಲ್ಕು ಜನ ಅಲ್ಲಿದ್ದರಾ ಅನ್ನುವುದಕ್ಕೆ ಪುರಾವೆ ಇನ್ನೂ ಸಿಕ್ಕಿಲ್ಲ.

ಒಟ್ಟು ಖರ್ಚು 2,000 ಡಾಲರ್ ಒಳಗೇ. ಕಾಲಂ ಮುಟ್ಟಬೇಡ ಅಂದಿದ್ದ ಗೆಳೆಯರೇ ಈಗ ಸ್ಪ್ರೆಡ್‌ಶೀಟ್ ಕೇಳುತ್ತಿದ್ದಾರೆ. ಡೆನ್ವರ್ ಭಾಗ ಮಾತ್ರ ಕೊಟ್ಟಿದ್ದೇನೆ. ಯೂಟಾ ಭಾಗ ಮುಗಿಯಲಿ, ನೋಡೋಣ.