ವಾರಕ್ಕೆ 1,200 ಕಿ.ಮೀ. ಸಾಕು: ಬಾಡಿಗೆ ಕಾರಿನಲ್ಲಿ ಕರಾವಳಿ ಸುತ್ತಿದ ನನ್ನ ಲೆಕ್ಕ

ರವಿವಾರ ಮಧ್ಯಾಹ್ನ ಹುಬ್ಬಳ್ಳಿ ಬಿಡುತ್ತೇನೆ ಅಂದಾಗ ನಮ್ಮ ದೋಸ್ತ್ ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದ. "ಲೇ, ಎಲ್ಲಾರೂ ಹೊಳ್ಳಿ ಬರೋ ಹೊತ್ತಿಗೆ ನೀ ಹೊಂಟಿಯೇನು? ಅದೂ ಬಾಡಿಗಿ ಗಾಡಿ, ಏಳು ದಿನ! ಅಷ್ಟ ರೊಕ್ಕದಾಗ ಡ್ರೈವರ್ ಸಮೇತ ಗಾಡಿ ಬರ್ತೈತಿ."

ಬರುವುದಿಲ್ಲ. ನಾನು ವಿಚಾರಿಸಿದ್ದೆ. ಡ್ರೈವರ್ ಇರುವ ಏಳು ಸೀಟಿನ ಗಾಡಿಗೆ ಕಿಲೋಮೀಟರಿಗೆ 14 ರೂಪಾಯಿ, ಓಡಿಸಿದರೂ ಬಿಟ್ಟರೂ ದಿನಕ್ಕೆ 300 ಕಿ.ಮೀ. ಹಿಡಿಯುತ್ತಾರೆ. ಮೇಲೆ ದಿನಕ್ಕೆ ಡ್ರೈವರ್ ಭತ್ಯೆ 500. ಹತ್ತಿರ ಹತ್ತಿರ 33 ಸಾವಿರ. ನನಗೆ ಗಾಡಿ ಮತ್ತು ಪೆಟ್ರೋಲ್ ಸೇರಿ ಆದದ್ದು ಇಪ್ಪತ್ತೆರಡೂವರೆ ಸಾವಿರ. ಸ್ವಂತ ಗಾಡಿ ಇದೆ. ಆದರೆ ಆ ಸಣ್ಣ ಕಾರಿನಲ್ಲಿ ಇಬ್ಬರು ಮಕ್ಕಳು, ಹೆಂಡತಿ, ಮೊಣಕಾಲು ನೋವಿನ ಅವ್ವ, ಇಷ್ಟು ಜನರನ್ನು ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿಯುವ ಧೈರ್ಯ ನನಗಿಲ್ಲ.

ಇದು ಮೂರನೇ ಪ್ರಯತ್ನ. ಮೊದಲ ಸಲ ಅಗ್ಗಕ್ಕೆ ಬಿದ್ದು ಬಿಳಿ ಬೋರ್ಡಿನ ಗಾಡಿ, ಅಂದರೆ ಬಾಡಿಗೆಗೆ ಕೊಡುವಂತಿಲ್ಲದ ಖಾಸಗಿ ಗಾಡಿ, ತಗೊಂಡೆ. "ಯಾರರ ಕೇಳಿದ್ರ ನಮ್ಮ ಮಾವನ ಗಾಡಿ ಅನ್ರಿ" ಎಂದು ಮಾಲೀಕ ಕಲಿಸಿ ಕಳಿಸಿದ್ದ. ದಾರಿಯಲ್ಲಿ ಪೊಲೀಸರು ಕೈ ಮಾಡಿದರು. ಮಾವನ ಹೆಸರೇನು ಅಂದರು. ನನಗೆ ಬಾಯಿ ಬರಲಿಲ್ಲ. ದಂಡ ಕಟ್ಟಿದೆ. ವಾಪಸ್ ಬಂದ ಮೇಲೆ ಬಂಪರ್ ಕೆಳಗೆ ಗೀರು ಇದೆ ಎಂದು ಡಿಪಾಜಿಟ್‌ನಲ್ಲಿ ನಾಲ್ಕು ಸಾವಿರ ಹಿಡಿದರು. ಆ ಗೀರು ಮೊದಲೇ ಇತ್ತು, ನಾನೇ ನೋಡಿದ್ದೆ. ಫೋಟೊ ಮಾತ್ರ ತೆಗೆದಿರಲಿಲ್ಲ.

ಎರಡನೆಯದು ಮನೆಯಿಂದ ಹೊರಡಲೇ ಇಲ್ಲ. ಮಳೆಗಾಲದ ಕಡಲು ನೋಡಬೇಕೆಂಬ ಹುಚ್ಚು ನನ್ನದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಅಲ್ಲಿ ಜೀವ ಹೋದವರನ್ನು ನೆನೆದರೆ ನನ್ನ ಮುಂಗಡದ ಮೂರು ಸಾವಿರ ಏನೂ ಅಲ್ಲ. ಆದರೂ ಆ ದುಡ್ಡು ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆಯೂ ಕುಸಿಯಿತು. ಅವತ್ತೇ ಅವ್ವ, "ಮಳಿಗಾಲದಾಗ ಘಟ್ಟದ ಕೆಳಗ ಹೋಗೂದು ಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು.

ಹೋದ ನವೆಂಬರ್ ಕೊನೆಗೆ ಮತ್ತೆ ಕೂತೆ. ಈ ಸಲ ಊರುಗಳ ಪಟ್ಟಿ ಮಾಡಲಿಲ್ಲ, ಮೊದಲು ಕಿಲೋಮೀಟರ್ ಕೂಡಿಸಿದೆ. ಎಲ್ಲ ಕಡೆ ಹೋಗಿ ಬಂದರೂ ಸಾವಿರ ದಾಟುತ್ತಿರಲಿಲ್ಲ. ಬಾಡಿಗೆಯವರು ಕೊಡುವುದು ದಿನಕ್ಕೆ 300, ವಾರಕ್ಕೆ 2,100. ಅಂದರೆ ಅರ್ಧಕ್ಕಿಂತ ಜಾಸ್ತಿ ನಾನು ಮುಟ್ಟುವುದೇ ಇಲ್ಲ. ಆ ಅರ್ಧವನ್ನು ಅವರಿಗೇ ವಾಪಸ್ ಮಾರಿದರೆ?

ಗೋಕುಲ ರೋಡಿನಲ್ಲಿ ಇಬ್ಬರನ್ನು ಕೇಳಿದೆ. ಒಬ್ಬ ಹೊರಗೆ ಕಳಿಸುವುದೊಂದು ಬಾಕಿ. ವಿದ್ಯಾನಗರದ ಮೂರನೆಯವನು ಕೂತು ಕೇಳಿದ. ದಿನಕ್ಕೆ 2,600ರಂತೆ 18,200 ಹೇಳಿದ್ದವನು ಕೊನೆಗೆ 15,500ಕ್ಕೆ ಬಂದ. ಷರತ್ತು ಇಷ್ಟೇ: ವಾರಕ್ಕೆ ಒಟ್ಟು 1,200 ಕಿ.ಮೀ., ಮೇಲಾದರೆ ಕಿಲೋಮೀಟರಿಗೆ 12 ರೂಪಾಯಿ. "ಒಟ್ಟು" ಅನ್ನುವ ಪದವನ್ನು ಪೆನ್ನಿನಲ್ಲಿ ಬರೆಸಿಕೊಂಡೆ. ಇಲ್ಲದಿದ್ದರೆ ಅದನ್ನು ದಿನದ ಲೆಕ್ಕಕ್ಕೆ ಹಂಚಿ, ವಾಪಸ್ ಬರುವ ಒಂದೇ ದಿನಕ್ಕೆ 300 ಓಡಿಸಿದ್ದಕ್ಕೆ ಜಗಳ ಆಗುತ್ತಿತ್ತು. ಅವನು ಮೆತ್ತಗಾಗುವ ಹಾಗೆ ಇನ್ನೊಂದು ಮಾತು ಹೇಳಿದ್ದೆ. ಅದನ್ನು ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕು. ಡಿಪಾಜಿಟ್ ಹತ್ತು ಸಾವಿರ. ನಾವೇ ಓಡಿಸುವ ಬಾಡಿಗೆ ಗಾಡಿಯ ಗುರುತಾದ ಕಪ್ಪು ಬೋರ್ಡಿನ ಮೇಲಿನ ಹಳದಿ ಅಕ್ಷರ ನೋಡಿಯೇ ಕೀಲಿ ಮುಟ್ಟಿದೆ. ಬಂಪರ್ ಅಡಿಗೆ ಮೊಬೈಲ್ ತೂರಿಸಿ ನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಸ್ಟೆಪ್ನಿ ಒತ್ತಿ ನೋಡಿದರೆ ಗಾಳಿಯೇ ಇರಲಿಲ್ಲ!

ರವಿವಾರ ಹನ್ನೆರಡಕ್ಕೆ ಹೊರಟೆವು. ಕಲಘಟಗಿ, ಯಲ್ಲಾಪುರ, ಅರಬೈಲ್. ಎದುರಿಗೆ ಸಾಲುಸಾಲು ಕಾರು, ಎಲ್ಲರೂ ಮನೆಗೆ ಹೊರಟವರು. ನಮ್ಮ ಬದಿ ಲಾರಿ ಬಿಟ್ಟರೆ ಖಾಲಿ. ಸಂಜೆ ಗೋಕರ್ಣ ಮುಟ್ಟಿದಾಗ ಲಾಡ್ಜಿನವರು ಹಾಸಿಗೆ ಬಟ್ಟೆ ಬದಲಿಸುತ್ತಿದ್ದರು. ಶನಿವಾರ 2,600 ಅಂದಿದ್ದ ರೂಮು ಅವತ್ತು 1,300. ಎರಡು ರೂಮು, ಮೂರು ರಾತ್ರಿ. ಆಮೇಲಿನ ಮೂರು ರಾತ್ರಿ ಮರವಂತೆ ಕಡೆ ಒಂದು ಮನೆಯಲ್ಲಿ, ಅದೂ ಅಷ್ಟೇ ದುಡ್ಡು. ಆ ಮನೆ ಎಲ್ಲಿದೆ ಅಂತ ನಮ್ಮ ದೋಸ್ತಿಗೂ ಹೇಳಿಲ್ಲ.

ವಾರದಲ್ಲಿ ಎರಡೇ ಬಿಡಾರ. ದಿನಾ ಬ್ಯಾಗ್ ಕಟ್ಟುವುದು ಬಿಟ್ಟಿದ್ದಕ್ಕೇ ಹೆಂಡತಿ ಒಂದು ಸಲವೂ ಸಿಡುಕಲಿಲ್ಲ. ಗೋಕರ್ಣದಿಂದ ಯಾಣ, ಮಿರ್ಜಾನ್ ಕೋಟೆ, ಒಂದು ದಿನ ಕಾರವಾರ. ಅಲ್ಲಿ ಚಾಪಲ್ ಯುದ್ಧನೌಕೆಯ ಮ್ಯೂಸಿಯಂ ಬಿಟ್ಟು ಮಗ ಹೊರಗೇ ಬರಲಿಲ್ಲ.

ಕಾರವಾರದಲ್ಲಿ ನನ್ನ ತಲೆಗೊಂದು ಹುಳ ಹೊಕ್ಕಿತು. ಗೋವಾ ಗಡಿಯ ಪೋಳೆಂ ಬಂಕಿನಲ್ಲಿ ಪೆಟ್ರೋಲ್ ಲೀಟರಿಗೆ ಆರೇಳು ರೂಪಾಯಿ ಕಡಿಮೆ. ಹೋಗಿ 30 ಲೀಟರ್ ಹಾಕಿಸಿದೆ. ಉಳಿದದ್ದು ಇನ್ನೂರು ರೂಪಾಯಿ. ಹೋಗಿ ಬರಲು 30 ಕಿ.ಮೀ., ಸುಟ್ಟದ್ದು ಎರಡು ಲೀಟರ್, ಅದೂ ಇನ್ನೂರು. ಹೆಂಡತಿ ಏನೂ ಅನ್ನಲಿಲ್ಲ, ಕಿಟಕಿ ಕಡೆ ಮುಖ ಮಾಡಿ ನಕ್ಕಳು.

ರೊಟ್ಟಿಯ ಪ್ರಯೋಗ ಮಾತ್ರ ಗೆದ್ದಿತು. ಅವ್ವನಿಗೆ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಖಡಕ್ ಜೋಳದ ರೊಟ್ಟಿ ಅರವತ್ತು, ಶೇಂಗಾ ಚಟ್ನಿ, ಕೆಂಪು ಖಾರ ಕಟ್ಟಿಕೊಂಡಿದ್ದೆವು. ನಮ್ಮಲ್ಲಿ ತಿಂಗಳು ಇಟ್ಟರೂ ಮುರಿದರೆ ಟಪ್ ಅನ್ನುವ ರೊಟ್ಟಿ ಗೋಕರ್ಣದ ಹವೆಗೆ ಎರಡನೇ ದಿನಕ್ಕೇ ಬಟ್ಟೆ ಥರ ಮಡಚಿತು. ಅವ್ವನ ಮುಖ ನೋಡಲಾಗಲಿಲ್ಲ. ಹೊಗೆ ಹಿಡಿಸಿ ನೋಡಿದೆವು, ಲಾಡ್ಜಿನವನು ಓಡಿ ಬಂದ. ಕೊನೆಗೆ ಬಿಸಿಲಿಗೆ ನಿಂತ ಗಾಡಿಯ ಹಿಂದಿನ ಗಾಜಿನ ಕೆಳಗೆ ಪೇಪರ್ ಹಾಸಿ ಹರವಿದೆ, ಕಿಟಕಿ ಮುಚ್ಚಿದೆ. ಒಂದೂವರೆ ತಾಸಿಗೆ ಮತ್ತೆ ಖಡಕ್. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿದರೆ ಮರುದಿನದ ತನಕ ತಡೆಯುತ್ತದೆ.

ಮುರ್ಡೇಶ್ವರದಲ್ಲಿ ತಪ್ಪು ಲೆಕ್ಕ ಹಾಕಿದ್ದೆ. ವಾರದ ನಡುವೆ ಖಾಲಿ ಇರುತ್ತದೆ ಅಂದುಕೊಂಡರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಮಗಳಿಗೆ ಜ್ವರ ಅಂತ ರಜೆ ಚೀಟಿ ಕೊಟ್ಟು ಬಂದಿದ್ದೆ. 123 ಅಡಿಯ ಶಿವನ ಎದುರೇ ಅವಳ ಟೀಚರ್ ಸಿಕ್ಕರು. "ಜ್ವರ ಹೆಂಗೈತ್ರಿ ಈಗ?" ಅಂದರು. ನವೆಂಬರಿನಿಂದ ಜನವರಿವರೆಗೆ ಅಲ್ಲಿಗೆ ಬೆಳಿಗ್ಗೆ ಏಳರೊಳಗೆ ಹೋಗಿ ಬರುವುದು ಒಳ್ಳೆಯದು.

ಮಲ್ಪೆ, ಕಾಪು ಒಂದೇ ದಿನದಲ್ಲಿ ಮುಗಿಸಿದೆವು. ಮರವಂತೆಯಲ್ಲಿ ಒಂದು ಪೂರ್ತಿ ದಿನ ಸುಮ್ನೆ ಕೂತೆವು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರೋಡು. ನೀರಿಗಿಳಿಯಲಿಲ್ಲ. ಅಲ್ಲಿಯ ಅಲೆ ಸೆಳೆಯುತ್ತದೆ, ಅಂಥ ಜಾಗದಲ್ಲಿ ಮಕ್ಕಳನ್ನು ಇಳಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೇ ಬಿಟ್ಟು ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿದೆವು. ಜೋಗದಲ್ಲಿ ನೀರು ದಾರದ ಎಳೆಯಷ್ಟು. ಶಿರಸಿಯಲ್ಲಿ ಊಟ, ಮುಂಡಗೋಡ ಮೇಲೆ ಹಾಯ್ದು ಸಂಜೆಗೆ ಮನೆ. ಈಗ ಬಾಯಿಲೆಕ್ಕ: ಬಾಡಿಗೆ ಹದಿನೈದೂವರೆ ಸಾವಿರ, ಪೆಟ್ರೋಲ್ ಏಳು, ರೂಮು ಹದಿನೈದೂವರೆ ಚಿಲ್ಲರೆ, ಊಟ ಒಂಬತ್ತು, ದೋಣಿ ಗೀಣಿ ಎರಡು, ಟೋಲ್ ಆರುನೂರರ ಆಸುಪಾಸು. ಸಾವಿರದ ನಲವತ್ತು ಕಿ.ಮೀ. ಓಡಿತ್ತು, ಲೀಟರಿಗೆ ಹದಿನೈದು ಕೊಟ್ಟಿತು.

ರವಿವಾರ ಬೆಳಿಗ್ಗೆ ಗಾಡಿ ಒಪ್ಪಿಸಿದೆ. ಮಾಲೀಕ ಬಗ್ಗಿ ಬಂಪರ್ ನೋಡಿದ, ನಾನು ವಿಡಿಯೊ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಎದ್ದು ನಿಂತ. ಮರಳು ತೊಳೆಯಲು ಮುನ್ನೂರು ಹಿಡಿದು ಉಳಿದ ಡಿಪಾಜಿಟ್ ಎಣಿಸಿ ಕೊಟ್ಟ. ಹಿಂದಿನ ಗಾಜಿನ ಹತ್ತಿರ ಬಿದ್ದಿದ್ದ ರೊಟ್ಟಿ ಚೂರು ಎತ್ತಿ, "ಇದೇನ್ರಿ ಸರ?" ಅಂದ. ಹೇಳಲಿಲ್ಲ. ಈಗ ಅವನೇ ಬಂದವರಿಗೆಲ್ಲ "ವಾರಕ್ಕ 1,200 ಕಿಲೋಮೀಟರ್ ಪ್ಯಾಕೇಜ್ ಐತಿ ನೋಡ್ರಿ" ಅನ್ನುತ್ತಾನಂತೆ. ರೇಟು ಮಾತ್ರ 17,500 ಮಾಡಿದ್ದಾನೆ.