ಬೇವಿನ ಕಷಾಯದಿಂದ ಬೆಳ್ಳಿ ನ್ಯಾನೋಕಣ: ಬಣ್ಣ ನೋಡಿ ನಿಲ್ಲಬೇಡಿ

ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಗಿಡದ ಕಷಾಯ ಬೆರೆಸಿದರೆ ಅದರಲ್ಲಿರುವ ಬೆಳ್ಳಿ ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಆಗಿ ದ್ರಾವಣ ಕಂದಾಗುತ್ತದೆ. ಪ್ರಾಜೆಕ್ಟಿಗೆ ಬರುವ ಎಂ.ಎಸ್ಸಿ. ಮಕ್ಕಳು ಫ್ಲಾಸ್ಕ್ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಫೋಟೋ ತೆಗೆದು, "ಆಯ್ತು ಮೇಡಂ" ಅನ್ನುತ್ತಾರೆ. ಈ ಕಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಔಷಧದ ಮಾತು ಎತ್ತಬೇಕಾದರೆ ಅಷ್ಟು ಸಾಲದು.

ನಾನು ಮೊದಲು ಕೊಡುವುದು ಬೇವನ್ನೇ. ಎಲ್ಲ ಕಡೆ ಸಿಗುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡ 2004ರಲ್ಲೇ ಬೇವಿನ ಕಷಾಯದಿಂದ ಬೆಳ್ಳಿ, ಚಿನ್ನ ಎರಡರ ಕಣಗಳನ್ನೂ ಮಾಡಿ ಪ್ರಕಟಿಸಿದೆ. ನಮ್ಮ ಫಲಿತಾಂಶವನ್ನು ಅದರ ಪಕ್ಕ ಇಟ್ಟು ನೋಡಬಹುದು.

10 ಗ್ರಾಂ ಎಲೆಯನ್ನು ಚೆನ್ನಾಗಿ ತೊಳೆದು, ಹೆಚ್ಚಿ, 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ 10 ನಿಮಿಷ ಕುದಿಸಿ. ಆರಿದ ಮೇಲೆ ವಾಟ್‌ಮನ್ ನಂ. 1 ಪೇಪರಿನಲ್ಲಿ ಸೋಸಿ. ಅವತ್ತೇ ಬಳಸಿ, ಇಟ್ಟರೆ ಕೆಡುತ್ತದೆ. ಯಾವ ಮರ, ಯಾವ ತಿಂಗಳು, ಎಲೆ ಎಳೆಯದೋ ಬಲಿತದ್ದೋ ಎಲ್ಲ ಬರೆದಿಡಿ. ಎಲೆಯೊಳಗಿನ ಅಂಶ ಬದಲಾದರೆ ಕಣದ ಗಾತ್ರವೂ ಬದಲಾಗಬಹುದು.

ಸಿಲ್ವರ್ ನೈಟ್ರೇಟ್ ದ್ರಾವಣ 1 ಮಿಲಿಮೋಲಾರ್ (ಲೀಟರಿಗೆ ಸಾವಿರದಲ್ಲೊಂದು ಮೋಲ್) ಇರಲಿ. 100 ಮಿ.ಲೀ.ಗೆ ಬೇಕಾದದ್ದು ಬರೀ 17 ಮಿಲಿಗ್ರಾಂ, ಅಷ್ಟು ಕಡಿಮೆ ತೂಗುವುದು ಕಷ್ಟ. 170 ಮಿಲಿಗ್ರಾಂ ತೂಗಿ 100 ಮಿ.ಲೀ. ಮಾಡಿ, ಅದರಲ್ಲಿ 10 ಮಿ.ಲೀ. ತೆಗೆದು ಮತ್ತೆ 100ಕ್ಕೆ ಏರಿಸಿ. ನಲ್ಲಿ ನೀರು ಬೇಡವೇ ಬೇಡ. ಅದರಲ್ಲಿರುವ ಕ್ಲೋರೈಡ್‌ನಿಂದ ದ್ರಾವಣ ಬೆಳ್ಳಗೆ ಒಡೆಯುತ್ತದೆ. ಗ್ಲೌಸ್ ಹಾಕಿ, ಚರ್ಮಕ್ಕೆ ತಗುಲಿದರೆ ಕಪ್ಪು ಕಲೆ ಬೀಳುತ್ತದೆ.

90 ಮಿ.ಲೀ. ದ್ರಾವಣ ಕಲಕುತ್ತಿರುವಾಗ 10 ಮಿ.ಲೀ. ಕಷಾಯವನ್ನು ಹನಿಹನಿಯಾಗಿ ಬಿಡಿ. ಜೊತೆಗೆ ಇನ್ನೆರಡು ಫ್ಲಾಸ್ಕ್ ಇಡಿ: ಒಂದರಲ್ಲಿ ಕಷಾಯ ಮತ್ತು ನೀರು ಮಾತ್ರ, ಇನ್ನೊಂದರಲ್ಲಿ ಸಿಲ್ವರ್ ನೈಟ್ರೇಟ್ ಮಾತ್ರ. ಮೂರನ್ನೂ ಕತ್ತಲಲ್ಲಿಡಿ. ಎರಡೂ ಬೆರೆಸಿದ ಫ್ಲಾಸ್ಕ್ ಮಾತ್ರ ಕಂದಾದರೆ ಮುಂದುವರಿಯಿರಿ. ದ್ರಾವಣ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಉಪಕರಣದಲ್ಲಿ 400ರಿಂದ 450 ನ್ಯಾನೋಮೀಟರ್ ನಡುವೆ ಒಂದು ಶಿಖರ ಕಾಣಬೇಕು. ಅದು ಅಗಲವಾಗಿ ಬಲಕ್ಕೆ, ಅಂದರೆ ಹೆಚ್ಚಿನ ತರಂಗಾಂತರದ ಕಡೆ, ಸರಿದರೆ ಕಣಗಳು ದೊಡ್ಡದಾಗಿವೆ, ಇಲ್ಲವೇ ಒಂದಕ್ಕೊಂದು ಅಂಟಿಕೊಂಡಿವೆ. ಗಾತ್ರ ಖಚಿತವಾಗಲು ಟಿಇಎಂ (ಕಣವನ್ನೇ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕೇ ಬೇಕು.

ಇನ್ನು ತೊಳೆಯುವುದು. ಇದನ್ನೇ ಜಾಸ್ತಿ ಜನ ಅವಸರದಲ್ಲಿ ಮುಗಿಸುತ್ತಾರೆ. ನಿಮಿಷಕ್ಕೆ 12,000 ಸುತ್ತಿನಲ್ಲಿ (ಆರ್‌ಪಿಎಂ) 20 ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ತಳಕ್ಕೆ ಇಳಿಸಿ, ಮೇಲಿನ ನೀರು ಚೆಲ್ಲದೆ ಬೇರೆ ಬಾಟಲಿಗೆ ತೆಗೆಯಿರಿ. ಕೆಳಗೆ ಕೂತದ್ದನ್ನು ಹೊಸ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಕಿ. ಹೀಗೆ ಮೂರು ಸಲ. ಯಾಕೆಂದರೆ ಕಣವಾಗದೆ ನೀರಿನಲ್ಲಿ ಕರಗಿ ಉಳಿದ ಬೆಳ್ಳಿ (ಬೆಳ್ಳಿ ಅಯಾನು) ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬೇವಿಗೂ ಆ ಗುಣ ಇದೆ. ಸರಿಯಾಗಿ ತೊಳೆಯದಿದ್ದರೆ ಕೊಂದದ್ದು ಯಾವುದು ಅಂತ ಹೇಗೆ ಹೇಳುತ್ತೀರಿ, ಅಲ್ವಾ?

ಹಾಗಾಗಿ ಬ್ಯಾಕ್ಟೀರಿಯಾ ಹರಡಿದ ಅಗರ್ ಪ್ಲೇಟಿನಲ್ಲಿ (ಅವು ಬೆಳೆಯುವ ಜೆಲ್ಲಿಯ ತಟ್ಟೆ) ನಾಲ್ಕು ಗುಳಿ ಮಾಡಿ. ಒಂದೊಂದಕ್ಕೆ ಒಂದೊಂದು ಹಾಕಿ: ಕಣ, ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಗೊತ್ತಿರುವ ಒಂದು ಆಂಟಿಬಯಾಟಿಕ್. ಇದನ್ನು ಸೂಕ್ಷ್ಮಜೀವಿ ವಿಭಾಗದ ಲ್ಯಾಬಿನಲ್ಲೇ, ಅಲ್ಲಿಯವರ ಜೊತೆಯಲ್ಲೇ ಮಾಡಿ.

ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಕಂಡಿತು ಅಂತ ಅದು ಔಷಧ ಆಗಲಿಲ್ಲ. ಮನುಷ್ಯರ ಜೀವಕೋಶಕ್ಕೆ ಎಷ್ಟು ವಿಷ ಅನ್ನುವ ಪರೀಕ್ಷೆಯೇ ಇನ್ನೂ ಬಾಕಿ ಇದೆ. ಗಿಡದಿಂದ ಬಂದದ್ದು ಅಂತ ಗಾಯಕ್ಕೆ ಹಚ್ಚಬೇಡಿ, ಕುಡಿಯಲಂತೂ ಬೇಡಿ. ಬೆಳ್ಳಿ ಮೈಯಲ್ಲಿ ಸೇರುತ್ತಾ ಹೋದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುತ್ತದೆ, ಆ ಬಣ್ಣ ಸಾಮಾನ್ಯವಾಗಿ ಹೋಗುವುದಿಲ್ಲ.

ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಬಾಟಲಿಗೆ ಉಪ್ಪುನೀರು ಹಾಕಿದರೆ ಕರಗಿರುವ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರುತ್ತದೆ. ಹೆಸರು, ತಾರೀಖಿನ ಚೀಟಿ ಅಂಟಿಸಿ ಲ್ಯಾಬಿನ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.