1943ರ ಅಮೆರಿಕದಲ್ಲಿ ಸಂಸಾರ ತೂಗಿಸುವುದು ಹೇಗೆ?

ಕಾಲ 1943ರ ಏಪ್ರಿಲ್. ಸ್ಥಳ ಒಹಾಯೊ ರಾಜ್ಯದ ಯಾವುದಾದರೂ ಕಾರ್ಖಾನೆಯ ಊರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದು, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದು ಹದಿನಾರು ತಿಂಗಳಾಗಿದೆ. ಕಾರ್ಖಾನೆಗಳು ಹಗಲು ರಾತ್ರಿ ಓಡುತ್ತಿವೆ, ಹಿಂದಿನ ದಶಕದಲ್ಲಿ ಕೆಲಸವಿಲ್ಲದೆ ಅಲೆದವರ ಜೇಬಿನಲ್ಲೂ ಈಗ ಕಾಸು ಕುಣಿಯುತ್ತಿದೆ. ಕಾರ್ಖಾನೆ ಕಾರ್ಮಿಕನ ಸರಾಸರಿ ವಾರದ ಸಂಬಳ ಸುಮಾರು 43 ಡಾಲರ್. ಒಂದು ಪೌಂಡ್ ಬ್ರೆಡ್ಡಿಗೆ 9 ಸೆಂಟ್, ಸಕ್ಕರೆಗೆ 7 ಸೆಂಟ್, ಬೆಣ್ಣೆಗೆ 53 ಸೆಂಟ್, ಡಜನ್ ಮೊಟ್ಟೆಗೆ 57 ಸೆಂಟ್ ಆಸುಪಾಸು. ಲೆಕ್ಕ ಹಾಕಿದರೆ ಸುಖವಾಗಿಯೇ ಬದುಕಬಹುದು ಅನ್ನಿಸುತ್ತದೆ. ಆದರೆ ಈ ಊರಿನಲ್ಲಿ ದುಡ್ಡು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಇನ್ನರ್ಧ ಮಾಡುವುದು ಒಂದು ಕಾಗದದ ಪುಸ್ತಕ.

1. ಮೊದಲು ಪುಸ್ತಕ ಮಾಡಿಸಿಕೊಳ್ಳಿ

ನಮ್ಮ ನ್ಯಾಯಬೆಲೆ ಅಂಗಡಿಯ ಕಾರ್ಡನ್ನು ತಲೆಯಲ್ಲಿಟ್ಟುಕೊಂಡು ಹೊರಟರೆ ದಾರಿ ತಪ್ಪುತ್ತೀರಿ. ನಮ್ಮಲ್ಲಿ ಕಾರ್ಡ್ ಇದ್ದವರಿಗೆ ಅಕ್ಕಿ ಉಚಿತವಾಗಿ ಇಲ್ಲವೇ ಅಗ್ಗವಾಗಿ ಸಿಗುತ್ತದೆ, ಇಲ್ಲದವರು ಪೇಟೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅಲ್ಲಿ ಹಾಗಲ್ಲ. ಪಡಿತರದ ಸಾಮಾನಿಗೆ ಪೂರ್ತಿ ಬೆಲೆಯನ್ನೂ ಕೊಡಬೇಕು, ಪಡಿತರ ಪುಸ್ತಕದ ಚೀಟಿಯನ್ನೂ ಹರಿದು ಕೊಡಬೇಕು. ಚೀಟಿ ಮುಗಿಯಿತೆಂದರೆ ಸಿರಿವಂತನೂ ಬರಿಗೈಯಲ್ಲಿ ಮನೆಗೆ ಹೋಗಬೇಕು.

ಪುಸ್ತಕ ಕೊಡುವುದು ಶಾಲೆಯಲ್ಲಿ, ಬರೆದುಕೊಳ್ಳುವವರು ಮೇಷ್ಟರುಗಳು. 1942ರ ಮೇ ತಿಂಗಳಿನಲ್ಲಿ ಮೊದಲ ಪುಸ್ತಕ ಹಂಚಿದಾಗ ಎತ್ತರ, ತೂಕ, ಕಣ್ಣಿನ ಬಣ್ಣ, ಕೂದಲಿನ ಬಣ್ಣ ಎಲ್ಲವನ್ನೂ ಬರೆಸಿಕೊಂಡರು. ಜೊತೆಗೆ ಒಂದು ಮುಜುಗರದ ಪ್ರಶ್ನೆ: ಮನೆಯಲ್ಲಿ ಈಗಾಗಲೇ ಸಕ್ಕರೆ ಎಷ್ಟಿದೆ? ಹೆಚ್ಚಿಗೆ ಕೂಡಿಟ್ಟಿದ್ದರೆ ಅದಕ್ಕೆ ತಕ್ಕಷ್ಟು ಚೀಟಿಗಳನ್ನು ಅಲ್ಲಿಯೇ ಹರಿದು ತೆಗೆದುಕೊಂಡರು. ಪುಸ್ತಕ ಮನೆಗೊಂದಲ್ಲ, ತಲೆಗೊಂದು. ಹಾಲು ಕುಡಿಯುವ ಕೂಸಿಗೂ ಒಂದು.

2. ಎರಡು ಬಣ್ಣಗಳ ಲೆಕ್ಕ ಕಲಿಯಿರಿ

ಈಗ ಕೈಯಲ್ಲಿರುವುದು ಎರಡನೇ ಪುಸ್ತಕ. ಅದರಲ್ಲಿ ನೀಲಿ ಚೀಟಿ, ಕೆಂಪು ಚೀಟಿ ಎಂಬ ಎರಡು ಬಗೆ. ಡಬ್ಬಿಯಲ್ಲಿ ಬರುವ ಹಣ್ಣು, ತರಕಾರಿ, ರಸ, ಸೂಪುಗಳಿಗೆ ನೀಲಿ. ಮಾಂಸ, ಬೆಣ್ಣೆ, ಚೀಸ್, ಅಡುಗೆ ಕೊಬ್ಬು, ಡಬ್ಬಿ ಮೀನಿಗೆ ಕೆಂಪು. ನೀಲಿ ಶುರುವಾದದ್ದು ಮಾರ್ಚ್ 1ರಂದು, ಕೆಂಪು ಮಾರ್ಚ್ 29ರಂದು. ಹಾಗಾಗಿ ಈ ಏಪ್ರಿಲ್‌ನಲ್ಲಿ ಅಂಗಡಿಯವನಿಗೂ ಗಿರಾಕಿಗೂ ಸಮಾನ ಗೊಂದಲ.

ಪ್ರತಿ ಚೀಟಿಯ ಮೇಲೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ಆ ಚೀಟಿ ಎಷ್ಟು ಅಂಕಕ್ಕೆ ಸಮ ಎಂಬುದನ್ನು ಅಂಕಿ ಹೇಳುತ್ತದೆ. ಒಂದೊಂದು ಅಕ್ಷರಕ್ಕೂ ನಾಲ್ಕು ಚೀಟಿಗಳು: 8, 5, 2, 1. ಕೂಡಿಸಿದರೆ 16. ಕೆಂಪಿನಲ್ಲಿ ತಲೆಗೆ ವಾರಕ್ಕೆ 16 ಅಂಕ, ನೀಲಿಯಲ್ಲಿ ತಿಂಗಳಿಗೆ 48. ನಾಲ್ಕು ಜನರ ಈ ಮನೆಗೆ ವಾರಕ್ಕೆ 64 ಕೆಂಪು, ತಿಂಗಳಿಗೆ 192 ನೀಲಿ. ಅವಧಿ ಮೀರಿದ ಚೀಟಿ ಬರಿಯ ಕಾಗದ.

ಮೂರು ಎಚ್ಚರಗಳು ಬೇಕು. ಚೀಟಿಯನ್ನು ಮನೆಯಲ್ಲಿಯೇ ಹರಿದುಕೊಂಡು ಹೋಗಬೇಡಿ. ಬಿಡಿ ಚೀಟಿ ಚಲಾವಣೆಯಾಗುವುದಿಲ್ಲ, ಅಂಗಡಿಯವನ ಕಣ್ಣೆದುರೇ ಹರಿಯಬೇಕು. ಎರಡನೆಯದು, ದೊಡ್ಡ ಅಂಕಿಗಳನ್ನು ಮೊದಲು ಖರ್ಚು ಮಾಡಿ, ಒಂದು ಎರಡು ಅಂಕದವನ್ನು ಕೊನೆಗೆ ಉಳಿಸಿಕೊಳ್ಳಿ. ಚಿಲ್ಲರೆಯ ತೊಂದರೆ ನೀಗಲು ಕೆಂಪು ಮತ್ತು ನೀಲಿ ಬಣ್ಣದ ಪುಟ್ಟ ಬಿಲ್ಲೆಗಳು ಬರುವುದು 1944ರ ಫೆಬ್ರುವರಿಯಲ್ಲಿ, ಅಲ್ಲಿಯವರೆಗೆ ಜಾಣತನವೇ ಚಿಲ್ಲರೆ. ಮೂರನೆಯದು, ಪತ್ರಿಕೆಯನ್ನು ಓದದೆ ಅಂಗಡಿಗೆ ಹೋಗಬೇಡಿ. ಯಾವ ಸಾಮಾನಿಗೆ ಎಷ್ಟು ಅಂಕ ಎಂಬ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಪೂರೈಕೆ ನೋಡಿಕೊಂಡು ಸರ್ಕಾರ ಅದನ್ನು ಆಗಾಗ ಬದಲಿಸುತ್ತದೆ.

3. ಸಂತೆಗೆ ಹೊರಡಿ

ಸದ್ಯದ ದರ ಹೀಗಿದೆ. ಒಂದು ಪೌಂಡ್ ಒಳ್ಳೆಯ ಸ್ಟೇಕ್‌ಗೆ 8 ಅಂಕ, ಕೀಮಾಕ್ಕೆ 5, ಬೆಣ್ಣೆಗೆ 8, ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರಿನ್‌ಗೆ 5. ವಾರಕ್ಕೆ ಎರಡು ಪೌಂಡ್ ಬೆಣ್ಣೆ ಕೊಂಡರೆ ಕಾಲುಭಾಗ ಅಂಕ ಅಲ್ಲಿಯೇ ಕರಗುತ್ತದೆ. ಡಬ್ಬಿ ಬಟಾಣಿ ಇನ್ನೂ ದುಬಾರಿ. ಮಾರ್ಚ್‌ನಲ್ಲಿ ಸಾಮಾನ್ಯ ಅಳತೆಯ ಒಂದು ಡಬ್ಬಿಗೆ 16 ಅಂಕ ಕೇಳಿದರು. ಅಂದರೆ ತಲೆಗೆ ತಿಂಗಳಿಗೆ ಮೂರು ಡಬ್ಬಿ, ಬೇರೇನೂ ಇಲ್ಲ. ಡಬ್ಬಿ ಮಾಡುವ ತವರ ಬರುತ್ತಿದ್ದ ಮಲಯ ಈಗ ಜಪಾನಿನ ಕೈಯಲ್ಲಿದೆ. ಇರುವ ಡಬ್ಬಿಗಳೂ ಸೈನಿಕರ ಹಿಂದೆ ಹಡಗು ಹತ್ತುತ್ತಿವೆ.

ಹಾಗಾಗಿ ಅಂಕ ಕೇಳದ ಸಾಮಾನಿನ ಕಡೆ ಕಣ್ಣು ಹಾಯಿಸಿ: ಕೋಳಿ, ಹಸಿ ಮೀನು, ಮೊಟ್ಟೆ, ಹಾಲು, ಹಸಿ ತರಕಾರಿ. ಇವು ಸಿಕ್ಕರೆ ನಿಮ್ಮವು.

ಸಕ್ಕರೆ ಮತ್ತು ಕಾಫಿಗೆ ಅಂಕಗಳ ಗೊಡವೆ ಇಲ್ಲ. ಅವು ಮೊದಲ ಪುಸ್ತಕದ ಚೀಟಿಯ ಮೇಲೆ ಸಿಗುತ್ತವೆ. ಸಕ್ಕರೆ ತಲೆಗೆ ವಾರಕ್ಕೆ ಸುಮಾರು ಅರ್ಧ ಪೌಂಡ್, ಅಂದರೆ 225 ಗ್ರಾಂ. ಕಾಫಿಯ ಕಥೆ ಫಿಲ್ಟರ್ ಕಾಫಿಯವರು ಕೇಳಲೇಬಾರದು. ಐದು ವಾರಕ್ಕೆ ಒಂದು ಪೌಂಡ್, ಅದೂ ದೊಡ್ಡವರಿಗೆ ಮಾತ್ರ. ದಿನಕ್ಕೆ 13 ಗ್ರಾಂ ಪುಡಿ. ಬ್ರೆಜಿಲ್‌ನಲ್ಲಿ ಕಾಫಿ ಬೇಕಾದಷ್ಟಿದೆ, ತರಲು ಹಡಗಿಲ್ಲ. ಚಿಕೋರಿ ಬೆರೆಸಿ, ಎರಡನೇ ಡಿಕಾಕ್ಷನ್ ಇಳಿಸಿ ಹೇಗೋ ಜುಲೈವರೆಗೆ ತಳ್ಳಿ. ಜುಲೈ ಕೊನೆಗೆ ಕಾಫಿಯ ಪಡಿತರ ರದ್ದಾಗುತ್ತದೆ.

4. ಮಾರ್ಗರಿನ್‌ಗೆ ಬಣ್ಣ ಕಲಸಿ

ಬೆಣ್ಣೆಯ ಅಂಕ ಉಳಿಸಲು ಮಾರ್ಗರಿನ್ ತಂದಿರಿ. ಪೊಟ್ಟಣ ಬಿಚ್ಚಿದರೆ ಕೊಬ್ಬಿನಂತೆ ಬೆಳ್ಳಗಿರುವ ಇಟ್ಟಿಗೆ, ಜೊತೆಯಲ್ಲಿ ಬಣ್ಣದ ಪುಟ್ಟ ಗುಳಿಗೆ. ಹಳದಿ ಮಾರ್ಗರಿನ್ ಮೇಲೆ ಪೌಂಡಿಗೆ 10 ಸೆಂಟ್ ಕೇಂದ್ರ ತೆರಿಗೆ, ಬಿಳಿಯದಕ್ಕೆ ಕಾಲು ಸೆಂಟ್. ಹೈನುಗಾರರ ಒತ್ತಾಯಕ್ಕೆ ಮಣಿದು ಮಾಡಿದ ಹಳೆಯ ಕಾನೂನು ಇದು, ಯುದ್ಧವೂ ಅದನ್ನು ಅಲ್ಲಾಡಿಸಲಿಲ್ಲ.

ಮಾಡುವ ಕ್ರಮ ಹೀಗೆ: ಮಾರ್ಗರಿನ್ನನ್ನು ಒಂದೆರಡು ಗಂಟೆ ಹೊರಗಿಟ್ಟು ಮೆತ್ತಗಾಗಲು ಬಿಡಿ. ಅಗಲವಾದ ಬೋಗುಣಿಗೆ ಹಾಕಿ, ಬಣ್ಣವನ್ನು ಮೇಲೆ ಸುರಿದು, ಚಪಾತಿ ಹಿಟ್ಟು ನಾದುವಂತೆ ನಾದಿ. ಮೊದಲು ಕಿತ್ತಳೆ ಬಣ್ಣದ ಗೆರೆಗಳು ಏಳುತ್ತವೆ. ಬಿಡದೆ ನಾದುತ್ತಾ ಹೋದರೆ ಗೆರೆಗಳು ಹರಡಿ ಒಂದೇ ಹಳದಿಯಾಗುತ್ತದೆ. ಅವಸರಪಟ್ಟರೆ ಪಟ್ಟೆಪಟ್ಟೆಯಾಗಿಯೇ ಉಳಿಯುತ್ತದೆ, ಬ್ರೆಡ್ಡಿನ ಮೇಲೆ ನೋಡಲು ಚೆಂದವಿರುವುದಿಲ್ಲ. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸುವುದು ಅಲ್ಲಿಯ ರೂಢಿ.

ವರ್ಷದ ಕೊನೆಯ ಹೊತ್ತಿಗೆ ಬೆಣ್ಣೆಗೆ 16 ಅಂಕವಾಗುತ್ತದೆ. ಆಗ ನಾದುವ ಕೈಗಳೂ ಹೆಚ್ಚುತ್ತವೆ.

ಮಾಂಸ ಹುರಿದ ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಚೆಲ್ಲಬೇಡಿ. ಸೋಸಿ ತಗಡಿನ ಡಬ್ಬಿಯಲ್ಲಿ ತುಂಬಿ ಮಾಂಸದಂಗಡಿಗೆ ಕೊಟ್ಟರೆ ಪೌಂಡಿಗೆ 4 ಸೆಂಟ್. ಅದರಿಂದ ತೆಗೆಯುವ ಗ್ಲಿಸರಿನ್ ಸ್ಫೋಟಕಕ್ಕೆ ಬೇಕು. ದೇಶಭಕ್ತಿಯೊಂದನ್ನೇ ನೆಚ್ಚಿದರೆ ಡಬ್ಬಿ ತುಂಬುವುದಿಲ್ಲ ಎಂದು ಸರ್ಕಾರಕ್ಕೂ ಗೊತ್ತಾಗಿ, 1943ರ ಡಿಸೆಂಬರ್‌ನಿಂದ ಪೌಂಡಿಗೆ ಎರಡು ಕೆಂಪು ಅಂಕಗಳನ್ನೂ ಸೇರಿಸಿತು. ಖಾಲಿ ಡಬ್ಬಿಗಳನ್ನು ತೊಳೆದು, ಎರಡೂ ಮುಚ್ಚಳ ಕತ್ತರಿಸಿ, ಕಾಲಲ್ಲಿ ಮೆಟ್ಟಿ ಚಪ್ಪಟೆ ಮಾಡಿ ಗುಜರಿಗೆ ಕೊಡಿ.

5. ಬೆಲೆ ಪಟ್ಟಿಯನ್ನು ಗೋಡೆಯ ಮೇಲೆ ಹುಡುಕಿ

ಬೆಲೆ ನಿಯಂತ್ರಣ ಕಚೇರಿ 1942ರ ಏಪ್ರಿಲ್‌ನಲ್ಲಿಯೇ ಒಂದು ಆಜ್ಞೆ ಹೊರಡಿಸಿದೆ. ಆ ವರ್ಷದ ಮಾರ್ಚ್‌ನಲ್ಲಿ ಅಂಗಡಿಯವನು ಪಡೆದ ಅತಿ ಹೆಚ್ಚಿನ ಬೆಲೆಯೇ ಇನ್ನು ಮುಂದೆ ಅವನ ಗರಿಷ್ಠ ಬೆಲೆ. ಆಗ ಬಿಟ್ಟುಹೋಗಿದ್ದ ಸಾಮಾನುಗಳ ಬೆಲೆ ಏರುತ್ತಲೇ ಇದ್ದುದರಿಂದ ಈ ಏಪ್ರಿಲ್ 8ರಂದು ಅಧ್ಯಕ್ಷ ರೂಸ್‌ವೆಲ್ಟ್ ಇನ್ನೊಮ್ಮೆ ಬಿಗಿ ಆಜ್ಞೆ ಮಾಡಿದರು. ದಿನಬಳಕೆಯ ಸಾಮಾನುಗಳ ಗರಿಷ್ಠ ಬೆಲೆಯನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು. ಹೆಚ್ಚು ವಸೂಲಿ ಮಾಡಿದರೆ ಗಿರಾಕಿಯೇ ಮೊಕದ್ದಮೆ ಹೂಡಬಹುದು. 50 ಡಾಲರ್ ಅಥವಾ ಹೆಚ್ಚುವರಿಯ ಮೂರು ಪಟ್ಟು, ಯಾವುದು ದೊಡ್ಡದೋ ಅದು ಸಿಗುತ್ತದೆ. ಎರಡು ಸೆಂಟ್ ಆಸೆಗೆ 50 ಡಾಲರ್ ಕಳೆದುಕೊಳ್ಳುವ ಭಯ ಅಂಗಡಿಯವನಿಗೆ ಇರಲಿ ಎಂಬುದು ಉದ್ದೇಶ. ಸ್ಥಳೀಯ ಸಮಿತಿಗಳ ಪರವಾಗಿ ಬೆಲೆ ತಪಾಸಣೆಗೆ ಬರುವವರಲ್ಲಿ ಊರಿನ ಗೃಹಿಣಿಯರೇ ಹೆಚ್ಚು. ಸಾಹೇಬರ ಕಣ್ಣು ತಪ್ಪಿಸಬಹುದು, ದಿನಾ ಸಾಮಾನು ಕೊಳ್ಳುವವಳ ಕಣ್ಣು ತಪ್ಪಿಸುವುದು ಕಷ್ಟ.

ಆದರೂ ಕಾಳಸಂತೆ ಇತ್ತು. ಅದು ಕತ್ತಲ ಸಂದಿಯಲ್ಲಿ ಇರುತ್ತಿತ್ತೆಂದು ತಿಳಿಯಬೇಡಿ, ಪರಿಚಯದ ಅಂಗಡಿಯ ಗಲ್ಲಾದ ಕೆಳಗೇ ಇತ್ತು. ಬೆಣ್ಣೆ ಬೇಕಾದರೆ ಇನ್ನೊಂದು ಬೇಡದ ಸಾಮಾನನ್ನೂ ಕೊಳ್ಳಿ ಎನ್ನುವುದು ಒಂದು ಉಪಾಯ. ಮಾಂಸದ ಕೊಬ್ಬನ್ನು ಕತ್ತರಿಸದೆ ತೂಗುವುದು ಇನ್ನೊಂದು. ಬೆಲೆ ಏರದಿದ್ದರೂ ತಟ್ಟೆಗೆ ಬಿದ್ದದ್ದು ಕಡಿಮೆಯಾಯಿತು, ಇದು ಯಾವ ಸೂಚ್ಯಂಕದಲ್ಲೂ ಸರಿಯಾಗಿ ಕಾಣುವುದಿಲ್ಲ.

6. ಹಿತ್ತಿಲನ್ನು ಅಗೆಯಿರಿ

ಏಪ್ರಿಲ್ ಬಿತ್ತನೆಯ ಕಾಲ. 1943ರಲ್ಲಿ ಸುಮಾರು 2 ಕೋಟಿ ವಿಜಯ ತೋಟಗಳು, ಅಂದರೆ ಯುದ್ಧಕಾಲದಲ್ಲಿ ಜನರೇ ಮಾಡಿಕೊಂಡ ತರಕಾರಿ ತೋಟಗಳು, ಎದ್ದವು. ದೇಶದ ಹಸಿ ತರಕಾರಿಯಲ್ಲಿ ಶೇ 40ರಷ್ಟು ಅವುಗಳಿಂದಲೇ ಬಂತೆಂಬ ಅಂದಾಜಿದೆ. ಟೊಮೆಟೊ, ಬೀನ್ಸ್, ಕ್ಯಾರೆಟ್, ಎಲೆಕೋಸು ಹಾಕಿ. ಬೇಸಿಗೆಯ ಕೊನೆಗೆ ಹಣ್ಣನ್ನು ಗಾಜಿನ ಭರಣಿಗಳಲ್ಲಿ ತುಂಬಿಡಲು ಪಡಿತರ ಮಂಡಳಿಯಿಂದ ಹೆಚ್ಚುವರಿ ಸಕ್ಕರೆ ಕೇಳಿ ಪಡೆಯಬಹುದು.

ಇದೇ ಹೊತ್ತಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ವಿಜಯ ತೋಟದ ಬಣ್ಣದ ಭಿತ್ತಿಪತ್ರಗಳು ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಪೇಟೆಗಳಿಗೆ ತರಕಾರಿ ಬೆಳೆದು ಕಳಿಸುತ್ತಿದ್ದವರಲ್ಲಿ ಜಪಾನಿ ಮೂಲದ ರೈತರ ಪಾಲು ದೊಡ್ಡದಿತ್ತು. 1942ರಲ್ಲಿ ಪಶ್ಚಿಮ ಕರಾವಳಿಯಿಂದ ಅಂಥ ಸುಮಾರು 1,20,000 ಜನರನ್ನು, ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದರು. ನುರಿತ ಬೆಳೆಗಾರರನ್ನು ಹೊಲದಿಂದ ಓಡಿಸಿ, ಗುಮಾಸ್ತರ ಕೈಗೆ ಗುದ್ದಲಿ ಕೊಟ್ಟ ಸರ್ಕಾರವಿದು.

7. ಕಾರನ್ನು ಆದಷ್ಟು ನಿಲ್ಲಿಸಿಡಿ

ಗಾಜಿನ ಮೇಲೆ ‘ಎ’ ಚೀಟಿ ಅಂಟಿಸಿದ ಕಾರಿಗೆ ವಾರಕ್ಕೆ ಮೂರು ನಾಲ್ಕು ಗ್ಯಾಲನ್, ಅಂದರೆ ಹೆಚ್ಚೆಂದರೆ 15 ಲೀಟರ್ ಪೆಟ್ರೋಲ್. ವೈದ್ಯರು, ಪಾದ್ರಿಗಳಂಥವರಿಗೆ ಹೆಚ್ಚು ಪೆಟ್ರೋಲ್ ಸಿಗುವ ‘ಸಿ’. ವೇಗ ಗಂಟೆಗೆ 35 ಮೈಲಿ ಮೀರುವಂತಿಲ್ಲ. ಒಹಾಯೊದಂಥ ಒಳನಾಡಿನಲ್ಲಿ ಪೆಟ್ರೋಲಿಗೆ ಅಂಥ ಬರವೇನೂ ಇರಲಿಲ್ಲ, ಬರವಿದ್ದದ್ದು ರಬ್ಬರಿಗೆ. ಆಗ್ನೇಯ ಏಷ್ಯಾದ ತೋಟಗಳು ಜಪಾನಿನ ಪಾಲಾದ ಮೇಲೆ ಟೈರು ಸವೆಯದಂತೆ ನೋಡಿಕೊಳ್ಳಲು ಇದ್ದ ಸುಲಭ ದಾರಿ ಕಾರನ್ನೇ ಓಡಿಸದಿರುವುದು. ಒಂದು ಕಾರಿಗೆ ಐದೇ ಟೈರು, ಮಿಕ್ಕಿದ್ದನ್ನು ಸರ್ಕಾರಕ್ಕೆ ಮಾರಬೇಕು. ಹೊಸ ಕಾರಿನ ಆಸೆ ಬಿಡಿ. 1942ರ ಫೆಬ್ರುವರಿಯಿಂದ ಜನಬಳಕೆಗೆ ಕಾರು ತಯಾರಾಗುತ್ತಿಲ್ಲ.

ಹಾಗಾದರೆ ನಡೆಯಿರಿ. ಆದರೆ ಚಪ್ಪಲಿ ಜೋಪಾನ, ಚರ್ಮದ ಜೋಡು ತಲೆಗೆ ವರ್ಷಕ್ಕೆ ಮೂರೇ ಜೊತೆ. ನೈಲಾನ್ ಎಲ್ಲ ಪ್ಯಾರಾಶೂಟಿಗೆ ಹೋಗಿದೆ. ಕಾಲುಚೀಲ ಸಿಗದ ಹೆಂಗಸರು ಕಾಲಿಗೆ ಬಣ್ಣ ಬಳಿದು, ಹುಬ್ಬಿನ ಪೆನ್ಸಿಲ್ಲಿನಿಂದ ಹಿಂಬದಿಯಲ್ಲಿ ಹೊಲಿಗೆಯ ಗೆರೆ ಎಳೆದುಕೊಳ್ಳುತ್ತಾರೆ.

8. ಸಂಜೆ ಕಳೆಯಿರಿ

ಸಿನಿಮಾಕ್ಕೆ ಅಂಕ ಬೇಡ. ಹಾಗಾಗಿಯೇ ಇರಬೇಕು, ಸುಮಾರು ಹದಿಮೂರೂವರೆ ಕೋಟಿ ಜನರ ದೇಶದಲ್ಲಿ ವಾರಕ್ಕೆ 8 ಕೋಟಿಯಷ್ಟು ಟಿಕೆಟ್ ಹರಿಯುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಬಂದವರಿಗಾಗಿ ಕೆಲವು ಊರುಗಳಲ್ಲಿ ನಡುರಾತ್ರಿಯ ನಂತರವೂ ಪ್ರದರ್ಶನಗಳಿದ್ದವು. ಬೇಸ್‌ಬಾಲ್ ನಿಲ್ಲಿಸಬೇಡಿ ಎಂದು ರೂಸ್‌ವೆಲ್ಟ್ ಅವರೇ 1942ರ ಜನವರಿಯಲ್ಲಿ ಪತ್ರ ಬರೆದಿದ್ದರು. ಆಟಗಾರರು ಸೈನ್ಯಕ್ಕೆ ಹೋದರು, ಮುಂದಿನ ತಿಂಗಳ ಕೊನೆಗೆ ಹೆಂಗಸರ ವೃತ್ತಿಪರ ಲೀಗ್ ಆರಂಭವಾಗಲಿದೆ.

ಗ್ರಾಮಫೋನ್ ತಟ್ಟೆ ಬೇಕೇ? ಕೆಲವು ಅಂಗಡಿಗಳಲ್ಲಿ ಹಳೆಯದೊಂದನ್ನು ಕೊಟ್ಟರಷ್ಟೇ ಹೊಸದು. ತಟ್ಟೆಗೆ ಬೇಕಾದ ಅರಗು ಬರುತ್ತಿದ್ದದ್ದು ಹೆಚ್ಚಾಗಿ ಭಾರತದ ಕಾಡುಗಳಿಂದ. ಹಡಗು ದಾರಿ ಅಪಾಯವಾದಾಗ, 1942ರ ಏಪ್ರಿಲ್‌ನಲ್ಲಿ, ತಟ್ಟೆ ತಯಾರಿಕೆಗೆ ಅರಗಿನ ಬಳಕೆಯನ್ನು ಶೇ 70ರಷ್ಟು ಕಡಿತಗೊಳಿಸಿದರು. ಅದು ಸಾಲದೆಂಬಂತೆ ಅದೇ ವರ್ಷದ ಆಗಸ್ಟ್‌ನಿಂದ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೆ ಮುಷ್ಕರ ಹೂಡಿದೆ. ಕಂಪನಿಗಳು ವಾದ್ಯವಿಲ್ಲದೆ ಬರಿಯ ಕಂಠಗಳ ಹಿಮ್ಮೇಳದಲ್ಲಿ ಹಾಡು ಹೊರತರುತ್ತಿವೆ.

9. ಉಳಿದ ದುಡ್ಡನ್ನು ಏನು ಮಾಡುವುದು?

ಚಿಲ್ಲರೆ ಎಣಿಸುವಾಗ ಹುಷಾರು. ತಾಮ್ರ ಯುದ್ಧಕ್ಕೆ ಹೋಗಿದೆ, ಈ ವರ್ಷದ ಒಂದು ಸೆಂಟ್ ನಾಣ್ಯ ಸತು ಲೇಪಿಸಿದ ಉಕ್ಕಿನದು. ಹೊಳಪಿಗೆ ಹತ್ತು ಸೆಂಟಿನ ನಾಣ್ಯವೆಂದೇ ಕೊಟ್ಟುಬಿಡುವವರಿದ್ದಾರೆ.

ಕೊಳ್ಳಲು ಕಾರಿಲ್ಲ, ರೇಡಿಯೊ ಇಲ್ಲ, ಫ್ರಿಜ್ ಇಲ್ಲ. ಜನರ ಕೈಯಲ್ಲಿ ಉಳಿದ ಹಣ ಪೇಟೆಗೆ ನುಗ್ಗಿದರೆ ಬೆಲೆಯ ಕಟ್ಟೆ ಒಡೆಯುತ್ತದೆ ಎಂದು ಸರ್ಕಾರಕ್ಕೆ ಹೆದರಿಕೆ. ಅದಕ್ಕೇ ಜನರಿಂದ ಸಾಲವಾಗಿ ಹಣ ಪಡೆಯುವ ಯುದ್ಧ ಬಾಂಡ್. 25 ಸೆಂಟಿನ ಅಂಚೆಚೀಟಿಯಂಥ ಚೀಟಿಗಳನ್ನು ಕೊಂಡು ಪುಸ್ತಕಕ್ಕೆ ಅಂಟಿಸುತ್ತಾ ಹೋಗಿ. 75 ಆದಾಗ 18 ಡಾಲರ್ 75 ಸೆಂಟ್, ಒಂದು ಬಾಂಡಿನ ಬೆಲೆ. ಹತ್ತು ವರ್ಷಕ್ಕೆ ಅದು 25 ಡಾಲರ್ ಆಗುತ್ತದೆ. ಶಾಲೆಯ ಮಕ್ಕಳೂ ಅಂಟಿಸಿದರು.

ಮಕ್ಕಳಿಗೆ ಹೇಳದಿದ್ದ ಲೆಕ್ಕವೊಂದಿದೆ. ಬೆಲೆ ನಿಯಂತ್ರಣವನ್ನು 1946ರಲ್ಲಿ ಸಡಿಲಿಸಿದ್ದೇ ತಡ, ದರಗಳು ಹಾರಿದವು. 1953ರಲ್ಲಿ ಬಾಂಡ್ ಮುರಿಸಲು ಹೋದವರ ಹಣ ಮೂರನೇ ಒಂದರಷ್ಟು ಬೆಳೆದಿತ್ತು. ಅದೇ ಹತ್ತು ವರ್ಷದಲ್ಲಿ ಬದುಕಿನ ಖರ್ಚು ಅರ್ಧಕ್ಕಿಂತ ಹೆಚ್ಚು ಏರಿತ್ತು.